ಸಂಬಳವೂ ಕಾಫಿ ತೋಟದ ಆದಾಯವೂ ಇದ್ದರೆ ಮೊದಲ ರಿಟರ್ನ್ ಸಲ್ಲಿಸುವುದು ಹೇಗೆ?

ಪ್ರಶ್ನೆ: ವಿರಾಜಪೇಟೆ ನಿವಾಸಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಂಪನಿಯೊಂದಕ್ಕೆ ವಿರಾಜಪೇಟೆಯ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. 2025ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದರಿಂದ, 2025-26ನೇ ಹಣಕಾಸು ವರ್ಷಕ್ಕೆ ಸಂಬಂಧಿಸಿ ಇದೇ ಮೊದಲ ಬಾರಿಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕಾಗಿದೆ. ವರ್ಷದ ಒಟ್ಟು ಸಂಬಳ 8,50,000 ರೂಪಾಯಿ. ಕಂಪನಿಯವರು ಫಾರ್ಮ್ 16, ಅಂದರೆ ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ, ಕೊಟ್ಟಿದ್ದಾರೆ, ಅದರಲ್ಲಿ ತೆರಿಗೆ ಕಡಿತ ಏನೂ ಇಲ್ಲ.

ಕುಟುಂಬದ ಆಸ್ತಿ ಪಾಲಾದಾಗ ಆರು ಎಕರೆ ರೋಬಸ್ಟಾ ತೋಟ ನನ್ನ ಹೆಸರಿಗೆ ಬಂದಿದೆ; ನೆರಳಿನ ಮರಗಳಿಗೆ ಕಾಳುಮೆಣಸಿನ ಬಳ್ಳಿಯೂ ಇದೆ. ಹಣ್ಣನ್ನು ನಮ್ಮ ಕಣದಲ್ಲೇ ಒಣಗಿಸಿ, ಚೆರ್ರಿಯಾಗಿಯೇ ಗೋಣಿಕೊಪ್ಪದ ವ್ಯಾಪಾರಿಯೊಬ್ಬರಿಗೆ ಮಾರಿದ್ದೇವೆ. ಕಾಫಿ ಮತ್ತು ಮೆಣಸು ಸೇರಿ ಮಾರ್ಚ್ ಕೊನೆಯೊಳಗೆ 11 ಲಕ್ಷ ರೂಪಾಯಿ ನನ್ನ ಖಾತೆಗೆ ಬಂದಿದೆ. ಕೊಯ್ಲಿನ ಕೂಲಿ, ಗೊಬ್ಬರ, ಮರಕಪಾತು, ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಯಿಸಿದ ಡೀಸೆಲ್, ಸಾಗಾಟ ಎಲ್ಲವೂ ಸೇರಿ 5 ಲಕ್ಷ ಖರ್ಚಾಗಿದೆ.

ಪರಿಚಯದವರೊಬ್ಬರು, ಕೃಷಿಗೆ ತೆರಿಗೆಯೇ ಇಲ್ಲದಿರುವಾಗ ಅದನ್ನು ತೋರಿಸುವ ಅಗತ್ಯವೂ ಇಲ್ಲ, ಐಟಿಆರ್-1ರಲ್ಲಿ ಸಂಬಳವನ್ನಷ್ಟೇ ತುಂಬಿ ಮುಗಿಸಿ ಎನ್ನುತ್ತಾರೆ. ಇನ್ನೊಬ್ಬರು, ಕಾಫಿಯ ಆದಾಯದಲ್ಲಿ ನೂರಕ್ಕೆ ಇಪ್ಪತ್ತೈದು ಭಾಗ ತೆರಿಗೆಗೆ ಒಳಪಡುತ್ತದೆ ಎನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲವೆಂದು ನನಗೆ ತೋರುತ್ತದೆ. ಮೊದಲ ರಿಟರ್ನ್ ಸರಿಯಾಗಿಯೇ ಇರಬೇಕೆಂಬ ಆಸೆ ನನ್ನದು. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಸೋಮವಾರಪೇಟೆ ಬೆಳೆಗಾರ

ನಮಸ್ಕಾರ ತಂಗಿ. ಇಪ್ಪತ್ತೈದು ಭಾಗದ ಮಾತು ಸುಳ್ಳಲ್ಲ, ಆದರೆ ಅದು ಎಲ್ಲ ಬೆಳೆಗಾರರಿಗೂ ಅನ್ವಯಿಸುವುದಿಲ್ಲ. ಆದಾಯ ತೆರಿಗೆ ನಿಯಮಾವಳಿಯ 7ಬಿ ನಿಯಮವು, ತಾನೇ ಬೆಳೆದು ತಾನೇ ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇಕಡ 25ನ್ನು ವ್ಯಾಪಾರದ ಆದಾಯವೆಂದೂ ಉಳಿದ ಶೇಕಡ 75ನ್ನು ಕೃಷಿ ಆದಾಯವೆಂದೂ ಪರಿಗಣಿಸುತ್ತದೆ. ಬೆಳೆದು, ಕ್ಯೂರಿಂಗ್ ಮಾಡಿ, ಹುರಿದು, ಪುಡಿಮಾಡಿ ಮಾರಿದರೆ ವ್ಯಾಪಾರದ ಪಾಲು ಶೇಕಡ 40 ಆಗುತ್ತದೆ. ಚಿಕೋರಿ ಬೆರೆಸಿದರೂ ಬೆರೆಸದಿದ್ದರೂ ಅಷ್ಟೇ.

ಕ್ಯೂರಿಂಗ್ ಎಂದರೇನು ಎಂಬುದಕ್ಕೆ ಆ ನಿಯಮವು 1942ರ ಕಾಫಿ ಕಾಯ್ದೆಯನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ತಿರುಳು ಬಿಡಿಸುವುದನ್ನು, ಹೊರತುಪಡಿಸಿ, ಹಸಿ ಕಾಫಿಯನ್ನು ಮಾರುಕಟ್ಟೆಗೆ ಸಿದ್ಧಪಡಿಸಲು ಮಾಡುವ ಯಾಂತ್ರಿಕ ಸಂಸ್ಕರಣೆಗೆ ಕ್ಯೂರಿಂಗ್ ಎಂದು ಆ ಕಾಯ್ದೆ ಹೇಳುತ್ತದೆ. ಹಾಗಾಗಿ ಕಣದಲ್ಲಿ ಬಿಸಿಲಿಗೆ ಒಣಗಿಸಿ ಚೆರ್ರಿಯಾಗಿ ಕೊಟ್ಟವರಾಗಲಿ, ನಮ್ಮ ಕಡೆಯ ಅರೇಬಿಕಾ ಬೆಳೆಗಾರರಂತೆ ಪಲ್ಪರ್‌ಗೆ ಹಾಕಿ, ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಆಗಿ ಮಾರಿದವರಾಗಲಿ ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಅವರದು ಪೂರ್ತಿಯಾಗಿ ಕೃಷಿ ಆದಾಯ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆಸಿ, ಗ್ರೇಡ್ ಮಾಡಿಸಿ, ಹಸಿರು ಬೀಜವಾಗಿ ತಮ್ಮ ಹೆಸರಿನಲ್ಲೇ ಮಾರುವವರು ಮಾತ್ರ, ಬಿಲ್ಲು ರಸೀದಿಗಳನ್ನು ಲೆಕ್ಕಪರಿಶೋಧಕರಿಗೆ ತೋರಿಸಿದ ಮೇಲೆಯೇ ನಮೂನೆಯನ್ನು ಆರಿಸಿಕೊಳ್ಳುವುದು ಕ್ಷೇಮ.

ಕಾಳುಮೆಣಸನ್ನು ಬಿಡಿಸಿ ಒಣಗಿಸುವುದು ಬೆಳೆಗಾರನ ಸಾಮಾನ್ಯ ಕೆಲಸ. ಅದೂ ಕೃಷಿ ಆದಾಯವೇ, ಅದರ ಬಗ್ಗೆ ಯೋಚನೆ ಬೇಡ.

ಉತ್ತರ: ತೆರಿಗೆ ಸಲಹೆಗಾರ, ಮಡಿಕೇರಿ

ಮೇಲಿನವರು ಕಾಫಿಯ ವಿಷಯವನ್ನು ಸರಿಯಾಗಿ ಬಿಡಿಸಿಟ್ಟಿದ್ದಾರೆ. ಈಗ ನಿಮ್ಮ ರಿಟರ್ನ್‌ಗೆ ಬರೋಣ. ತೋರಿಸುವ ಅಗತ್ಯವಿಲ್ಲವೆಂಬ ಸಲಹೆಯನ್ನು ಮೊದಲಿಗೇ ಪಕ್ಕಕ್ಕಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಕೊಡಗಿನಲ್ಲಿ ಕೆಲಸಕ್ಕೆ ಸೇರಿದ ಹೊಸಬರು ಈ ಒಂದು ಮಾತನ್ನು ನಂಬಿಯೇ ತಪ್ಪು ನಮೂನೆ ತುಂಬುತ್ತಾರೆ. ಆದಾಯ ತೆರಿಗೆ ಕಾಯ್ದೆಯ 10(1) ವಿಧಿಯು ಕೃಷಿ ಆದಾಯಕ್ಕೆ ಕೊಟ್ಟಿರುವುದು ತೆರಿಗೆಯಿಂದ ವಿನಾಯಿತಿಯನ್ನೇ ಹೊರತು, ಲೆಕ್ಕ ಹೇಳುವುದರಿಂದ ವಿನಾಯಿತಿಯನ್ನಲ್ಲ.

ಐಟಿಆರ್-1 ಅಥವಾ ಸಹಜ್ ಎಂಬ ನಮೂನೆಯನ್ನು ಬಳಸಬೇಕಾದರೆ ವರ್ಷದ ಕೃಷಿ ಆದಾಯ 5,000 ರೂಪಾಯಿಯನ್ನು ಮೀರಿರಬಾರದು. ನಿಮ್ಮದು ಖರ್ಚು ಕಳೆದು 6 ಲಕ್ಷ. ಹಾಗಾಗಿ ಐಟಿಆರ್-1 ನಿಮಗೆ ಸಲ್ಲುವುದಿಲ್ಲ. ವ್ಯಾಪಾರದ ಆದಾಯ ಇಲ್ಲದಿರುವುದರಿಂದ ಐಟಿಆರ್-2 ನಿಮ್ಮ ನಮೂನೆ. ಒಂದು ವೇಳೆ ನೀವು ಕ್ಯೂರಿಂಗ್ ಮಾಡಿದ ಬೀಜವನ್ನು ಮಾರಿದ್ದಿದ್ದರೆ, ಶೇಕಡ 25 ವ್ಯಾಪಾರದ ಆದಾಯವಾಗಿ ಐಟಿಆರ್-3ಕ್ಕೆ ಹೋಗಬೇಕಾಗುತ್ತಿತ್ತು. ಅದೇ ತೋಟ, ಅದೇ ಬೆಳೆ, ಆದರೆ ಯಾವ ಹಂತದಲ್ಲಿ ಮಾರಿದಿರಿ ಎಂಬುದರ ಮೇಲೆ ನಮೂನೆಯೇ ಬದಲಾಗುತ್ತದೆ ಎಂಬುದನ್ನು ಗಮನಿಸಿ.

ಐಟಿಆರ್-2ರಲ್ಲಿ ವಿನಾಯಿತಿ ಆದಾಯಕ್ಕಾಗಿ ಶೆಡ್ಯೂಲ್ ಇಐ ಎಂಬ ಭಾಗವಿದೆ. ಅಲ್ಲಿ ಒಟ್ಟು ಕೃಷಿ ಸ್ವೀಕೃತಿ 11 ಲಕ್ಷ, ಖರ್ಚು 5 ಲಕ್ಷ, ನಿವ್ವಳ 6 ಲಕ್ಷ ಎಂದು ಬರೆಯುತ್ತೀರಿ. ನಿವ್ವಳವು 5 ಲಕ್ಷವನ್ನು ಮೀರಿದಾಗ ಜಮೀನಿನ ವಿವರವನ್ನೂ ಕೇಳುತ್ತಾರೆ: ಜಿಲ್ಲೆ ಮತ್ತು ಪಿನ್ ಕೋಡ್, ಎಕರೆಯಲ್ಲಿ ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದು. ಪಹಣಿಯನ್ನು ಎದುರಿಗಿಟ್ಟುಕೊಂಡು ಅದರಲ್ಲಿ ಇರುವಂತೆಯೇ ತುಂಬಿ.

ಮುಂದಿನದು ತೆರಿಗೆಯ ಲೆಕ್ಕ, ಮತ್ತು ಹೆಚ್ಚಿನವರಿಗೆ ಗೊತ್ತಿಲ್ಲದ ಭಾಗವೂ ಇದೇ. ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಾಗಿದ್ದು, ಉಳಿದ ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ, ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಹಾಕದಿದ್ದರೂ ಉಳಿದ ಆದಾಯದ ದರವನ್ನು ನಿಗದಿಪಡಿಸಲು ಅದನ್ನು ಸೇರಿಸಿಕೊಳ್ಳುತ್ತಾರೆ. ನಿಮ್ಮ ಸಂಬಳ 8,50,000. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ ಪ್ರಮಾಣಿತ ಕಡಿತ 75,000 ಕಳೆದರೆ 7,75,000. ಇದಕ್ಕೆ ಕೃಷಿಯ 6,00,000 ಸೇರಿಸಿದರೆ 13,75,000. ಹೊಸ ಪದ್ಧತಿಯ ದರಗಳಲ್ಲಿ, ಅಂದರೆ 4 ಲಕ್ಷದವರೆಗೆ ಶೂನ್ಯ, ಅಲ್ಲಿಂದ 8 ಲಕ್ಷದವರೆಗೆ ಶೇಕಡ 5, 12 ಲಕ್ಷದವರೆಗೆ ಶೇಕಡ 10, 16 ಲಕ್ಷದವರೆಗೆ ಶೇಕಡ 15 ಎಂದು ಹಿಡಿದರೆ, ಇದರ ಮೇಲಿನ ತೆರಿಗೆ 86,250. ಬಳಿಕ ಮೂಲ ವಿನಾಯಿತಿಯ 4 ಲಕ್ಷಕ್ಕೆ ಕೃಷಿಯ 6 ಲಕ್ಷ ಸೇರಿಸಿ, ಆ 10 ಲಕ್ಷದ ಮೇಲಿನ ತೆರಿಗೆಯಾದ 40,000ವನ್ನು ಕಳೆಯಬೇಕು. ಉಳಿಯುವುದು 46,250.

ಗಾಬರಿಯಾಗಬೇಡಿ. 87ಎ ವಿಧಿಯ ರಿಯಾಯಿತಿಗೆ ನೋಡುವುದು ಕೃಷಿ ಸೇರದ ಒಟ್ಟು ಆದಾಯವನ್ನು. ನಿಮ್ಮದು 7,75,000, ಅಂದರೆ 12 ಲಕ್ಷದ ಒಳಗೆ. ರಿಯಾಯಿತಿಯ ಗರಿಷ್ಠ ಮೊತ್ತ 60,000. ಆದ್ದರಿಂದ 46,250 ಪೂರ್ತಿಯಾಗಿ ಮನ್ನಾ ಆಗಿ ನೀವು ಕಟ್ಟಬೇಕಾದದ್ದು ಏನೂ ಇಲ್ಲ. ಕೃಷಿಯನ್ನು ಮುಚ್ಚಿಟ್ಟಿದ್ದರೂ ತೆರಿಗೆ ಶೂನ್ಯವೇ ಆಗುತ್ತಿತ್ತು. ಹೀಗಿರುವಾಗ ಮುಚ್ಚಿಟ್ಟು ಗಳಿಸುವುದೇನು ಹೇಳಿ. ತೆರಿಗೆ ಶೂನ್ಯವಾದರೂ ರಿಟರ್ನ್ ಸಲ್ಲಿಸುವುದು ಕಡ್ಡಾಯ, ಏಕೆಂದರೆ ಆದಾಯ 4 ಲಕ್ಷದ ಮೂಲ ಮಿತಿಯನ್ನು ದಾಟಿದೆ.

ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿಯನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಪೋರ್ಟಲ್‌ನಲ್ಲಿ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ತೆರೆದು ನೋಡಿ ಅಲ್ಲಿರುವ ಬಡ್ಡಿಯನ್ನು ಇತರ ಮೂಲಗಳ ಆದಾಯದಲ್ಲಿ ತೋರಿಸಿ. ಒಂದೇ ವರ್ಷದಲ್ಲಿ ಉಳಿತಾಯ ಖಾತೆಗಳಿಗೆ 10 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತುಂಬಿದರೆ ಬ್ಯಾಂಕು ಅದನ್ನು ಇಲಾಖೆಗೆ ತಿಳಿಸುತ್ತದೆ. ಕಾಫಿ, ಮೆಣಸಿನ ಹಣವನ್ನು ನಗದಾಗಿ ಪಡೆದು ಖಾತೆಗೆ ಹಾಕುವವರು ನಮ್ಮಲ್ಲಿ ಇನ್ನೂ ಬಹಳಷ್ಟು ಇದ್ದಾರೆ. ಮುಂದೊಂದು ದಿನ ಆ ಹಣ ಎಲ್ಲಿಂದ ಬಂತೆಂದು ಕೇಳಿದಾಗ, ಆ ವರ್ಷದ ರಿಟರ್ನ್‌ನಲ್ಲಿ ಕೃಷಿ ಆದಾಯ ಕಾಣದಿದ್ದರೆ ಉತ್ತರಿಸುವುದು ಕಷ್ಟ.

ಉತ್ತರ: ನಾಪೋಕ್ಲು ಹೋಂಸ್ಟೇ

ನಮಸ್ಕಾರ. ಈ ಚರ್ಚೆಯನ್ನು ನನ್ನಂತಹವರೂ ಓದುತ್ತಿರಬಹುದು ಎಂಬ ಕಾರಣಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ತೋಟದ ನಡುವಿನ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟು ಬರುವ ಹಣವನ್ನು, ತೋಟದೊಳಗಿನದು ಎಂಬ ಒಂದೇ ಕಾರಣಕ್ಕೆ ಕೃಷಿ ಆದಾಯದ ಜೊತೆ ಸೇರಿಸುವ ರೂಢಿಯನ್ನು ನಮ್ಮ ಕಡೆ ಕಂಡಿದ್ದೇನೆ. ಕಾಯ್ದೆಯ 2(1ಎ) ವಿಧಿಯ ವಿವರಣೆಯಲ್ಲೇ, ಕೃಷಿಯಲ್ಲದ ಉದ್ದೇಶಕ್ಕೆ ಬಳಸಿದ ಭೂಮಿ ಅಥವಾ ಕಟ್ಟಡದಿಂದ ಬಂದ ಆದಾಯ ಕೃಷಿ ಆದಾಯವಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಕೋಣೆ, ಊಟ, ತಿಂಡಿ ಎಲ್ಲ ಕೊಟ್ಟು ನಡೆಸುವ ಹೋಂಸ್ಟೇ ವ್ಯಾಪಾರವೇ ಸರಿ.

44ಎಡಿ ವಿಧಿಯಡಿ ಅಂದಾಜು ಲಾಭದ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಕನಿಷ್ಠ ಶೇಕಡ 6, ನಗದಿಗೆ ಕನಿಷ್ಠ ಶೇಕಡ 8 ಲಾಭವೆಂದು ಘೋಷಿಸಬೇಕು. ಇದಕ್ಕೆ ಸಾಮಾನ್ಯವಾಗಿ ಐಟಿಆರ್-4 ತುಂಬುತ್ತಾರೆ. ಆದರೆ ಐಟಿಆರ್-4ಕ್ಕೂ ಕೃಷಿ ಆದಾಯದ ಅದೇ 5,000 ರೂಪಾಯಿಯ ಮಿತಿಯಿದೆ. ತೋಟವೂ ಹೋಂಸ್ಟೇಯೂ ಇರುವವರು, ಅಂದರೆ ಕೊಡಗಿನ ಬಹುಪಾಲು ಹೋಂಸ್ಟೇಯವರು, ಐಟಿಆರ್-3ರಲ್ಲೇ ಆ ಅಂದಾಜು ಲಾಭವನ್ನು ತೋರಿಸಬೇಕಾಗುತ್ತದೆ. ಅತಿಥಿಗಳಿಗೆ ಮನೆಯ ಕಾಫಿಪುಡಿ ಪ್ಯಾಕ್ ಮಾಡಿ ಮಾರಿದರೆ ಅದರಲ್ಲಿ ಶೇಕಡ 40ರ ನಿಯಮ ಬರುತ್ತದೆ ಎಂಬುದನ್ನೂ ನೆನಪಿಡಿ. ಹೈನುಗಾರಿಕೆ, ಕೋಳಿ ಸಾಕಣೆ, ಜೇನು ಸಾಕಣೆ ಕೂಡ ಕೃಷಿ ಆದಾಯದ ವ್ಯಾಪ್ತಿಗೆ ಬರುವುದಿಲ್ಲ. ಕಾಫಿ ಅಥವಾ ಮೆಣಸಿನ ಸಸಿಗಳ ನರ್ಸರಿ ಮಾತ್ರ ಬರುತ್ತದೆ.

ಮರುಪ್ರಶ್ನೆ: ವಿರಾಜಪೇಟೆ ನಿವಾಸಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಲೆಕ್ಕವನ್ನು ಕಾಗದದ ಮೇಲೆ ನಾನೂ ಮಾಡಿ ನೋಡಿದೆ, ಅರ್ಥವಾಯಿತು. ಇನ್ನೆರಡು ಸಂದೇಹಗಳಿವೆ. ನನ್ನ ಅಣ್ಣನಿಗೂ ಅಷ್ಟೇ ತೋಟ, ಅಷ್ಟೇ ಆದಾಯ. ಆದರೆ ಬೆಂಗಳೂರಿನಲ್ಲಿ ಅವನ ಸಂಬಳ 14,75,000. ಕಂಪನಿ ಸಂಬಳದ ಮೇಲಿನ ತೆರಿಗೆಯನ್ನು ಪೂರ್ತಿ ಕಡಿತ ಮಾಡಿರುವುದರಿಂದ ತಾನು ಕಟ್ಟುವುದೇನೂ ಉಳಿದಿಲ್ಲ ಎಂದು ಅವನು ತಿಳಿದುಕೊಂಡಿದ್ದಾನೆ. ಅದು ಸರಿಯೇ?

ಎರಡನೆಯದು, ನಮ್ಮ ದೊಡ್ಡಪ್ಪನವರ ಕಡೆಯ ಜಮ್ಮಾ ಬಾಣೆಯಲ್ಲಿ, ಅಂದರೆ ಒಕ್ಕಕ್ಕೆ (ಕೂಡುಕುಟುಂಬಕ್ಕೆ) ತಲೆಮಾರುಗಳಿಂದ ಬಂದ ಜಮೀನಿನಲ್ಲಿ, ಪಹಣಿ ಇನ್ನೂ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲೇ ಇದೆ. ಆದರೆ ಒಕ್ಕದ ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿನ ತೋಟವನ್ನು ತಾವೇ ನೋಡಿಕೊಳ್ಳುತ್ತಾರೆ. ಅಂತಹ ಕಡೆ ಆದಾಯವನ್ನು ಯಾರು ತೋರಿಸಬೇಕು? ದೊಡ್ಡಪ್ಪನ ಮಗಳೂ ಈ ವರ್ಷವೇ ಮೊದಲ ರಿಟರ್ನ್ ಸಲ್ಲಿಸುವವಳಿದ್ದಾಳೆ.

ಉತ್ತರ: ತೆರಿಗೆ ಸಲಹೆಗಾರ, ಮಡಿಕೇರಿ

ನಿಮ್ಮ ಅಣ್ಣನವರ ಸ್ಥಿತಿ ಬೇರೆ, ಅವರಿಗೆ ಇದನ್ನು ಇಂದೇ ತಿಳಿಸಿ. ಪ್ರಮಾಣಿತ ಕಡಿತದ ನಂತರ ಅವರ ಆದಾಯ 14 ಲಕ್ಷ. ಸಂಬಳವೊಂದೇ ಇದ್ದಿದ್ದರೆ ತೆರಿಗೆ 90,000, ಶೇಕಡ 4ರ ಸೆಸ್ ಸೇರಿ 93,600. ಕಂಪನಿ ಕಡಿತ ಮಾಡಿರುವುದು ಇಷ್ಟನ್ನೇ. ಕೃಷಿಯ 6 ಲಕ್ಷ ಸೇರಿಸಿದಾಗ 20 ಲಕ್ಷದ ಮೇಲಿನ ತೆರಿಗೆ 2,00,000. ಅದರಲ್ಲಿ 40,000 ಕಳೆದರೆ 1,60,000, ಸೆಸ್ ಸೇರಿ 1,66,400. ಅಂದರೆ ಅವರು ಇನ್ನೂ 72,800 ರೂಪಾಯಿ ಕಟ್ಟಬೇಕು. ಅವರ ಆದಾಯ 12 ಲಕ್ಷವನ್ನು ಮೀರಿರುವುದರಿಂದ 87ಎ ರಿಯಾಯಿತಿ ಸಿಗುವುದಿಲ್ಲ. ಕಡಿತದ ನಂತರವೂ ಬಾಕಿ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗುವ ವರ್ಷಗಳಲ್ಲಿ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ರೊಳಗೆ ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕಾಗುತ್ತದೆ. ಕಟ್ಟದಿದ್ದರೆ ಬಡ್ಡಿ ಸೇರುತ್ತದೆ. ಈ ವರ್ಷದ ಬಾಕಿಯನ್ನು ಬಡ್ಡಿಯೊಡನೆ ಸ್ವಯಂ ನಿರ್ಧಾರಣಾ ತೆರಿಗೆಯಾಗಿ ಪೋರ್ಟಲ್‌ನಲ್ಲೇ ಕಟ್ಟಿ, ಚಲನ್ ಸಂಖ್ಯೆಯನ್ನು ರಿಟರ್ನ್‌ನಲ್ಲಿ ನಮೂದಿಸಲಿ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತಿದೆ. ಒಟ್ಟು ಆದಾಯ 12 ಲಕ್ಷದ ಒಳಗಿದ್ದರೆ ತೆರಿಗೆಯೇ ಇಲ್ಲ ಎಂಬ ಮಾತು ತೋಟವಿರುವವರಿಗೆ ಯಾವಾಗಲೂ ನಿಜವಲ್ಲ. ಕಡಿತದ ನಂತರದ ಸಂಬಳ 11 ಲಕ್ಷ, ಕೃಷಿ 6 ಲಕ್ಷ ಇರುವವರನ್ನು ತೆಗೆದುಕೊಳ್ಳಿ. 17 ಲಕ್ಷದ ಮೇಲಿನ ತೆರಿಗೆ 1,40,000. ಅದರಲ್ಲಿ 40,000 ಕಳೆದರೆ 1,00,000. ರಿಯಾಯಿತಿಯ ಗರಿಷ್ಠ 60,000 ಕಳೆದ ಮೇಲೂ 40,000 ಉಳಿಯುತ್ತದೆ, ಸೆಸ್ ಸೇರಿ 41,600. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷದಲ್ಲಿ ಸಂಬಳ ಏರದಿದ್ದರೂ ತೆರಿಗೆ ಹುಟ್ಟಿಕೊಳ್ಳುವುದು ಹೀಗೆಯೇ. ನಿಮಗೂ ಮುಂದಿನ ವರ್ಷಗಳಲ್ಲಿ ಇದು ಬರಬಹುದು, ಆದ್ದರಿಂದ ಈಗಲೇ ಹೇಳುತ್ತಿದ್ದೇನೆ.

ಜಮ್ಮಾ ಜಮೀನಿನ ಪ್ರಶ್ನೆ ಸೂಕ್ಷ್ಮವಾದದ್ದು. ತನ್ನ ಪಾಲಿನ ತೋಟಕ್ಕೆ ತಾನೇ ಖರ್ಚು ಹಾಕಿ, ಬೆಳೆ ತೆಗೆದು, ಮಾರಿದ ಹಣವನ್ನು ತನ್ನ ಖಾತೆಗೆ ಪಡೆಯುವವರು ಆ ಆದಾಯವನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸುವುದು ಸಹಜವಾದ ಕ್ರಮ. ಆದರೆ ಪಹಣಿಯಲ್ಲಿ ಪಟ್ಟೇದಾರರ ಹೆಸರು ಇರುವುದರಿಂದ, ಯಾವ ಪಾಲು ಯಾರ ಸ್ವಾಧೀನದಲ್ಲಿದೆ ಎಂಬುದಕ್ಕೆ ಪಾಲುಪಟ್ಟಿಯೋ ಕುಟುಂಬದ ಒಪ್ಪಂದಪತ್ರವೋ ಕೈಯಲ್ಲಿರಬೇಕು, ಮಾರಾಟದ ಬಿಲ್ಲುಗಳೂ ಅವರವರ ಹೆಸರಿನಲ್ಲೇ ಇರಬೇಕು. ನಿಮ್ಮ ದೊಡ್ಡಪ್ಪನ ಮಗಳ ಮಟ್ಟಿಗೆ, ತೋಟದ ಹಣ ಅವರ ತಂದೆಯವರ ಖಾತೆಗೇ ಹೋಗುತ್ತಿದ್ದರೆ ಅದು ತಂದೆಯವರ ಆದಾಯ. ಮನೆಯಲ್ಲಿ ತೋಟವಿದೆ ಎಂಬ ಮಾತ್ರಕ್ಕೆ ಮಗಳು ಐಟಿಆರ್-2ಕ್ಕೆ ಹೋಗಬೇಕಾಗಿಲ್ಲ. ಹಿಂದೂ ಅವಿಭಕ್ತ ಕುಟುಂಬವಾಗಿ ಒಟ್ಟಿಗೆ ಲೆಕ್ಕ ಇಡುತ್ತಿದ್ದರೆ ಮಾತ್ರ ಲೆಕ್ಕಪರಿಶೋಧಕರೊಡನೆ ಎದುರು ಕುಳಿತೇ ಮಾತನಾಡಲಿ.

ಉತ್ತರ: ಸೋಮವಾರಪೇಟೆ ಬೆಳೆಗಾರ

ಖರ್ಚಿನ ದಾಖಲೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 11 ಲಕ್ಷದಲ್ಲಿ 5 ಲಕ್ಷ ಖರ್ಚೆಂದು ಬರೆಯುವುದು ಸುಲಭ, ತೋರಿಸುವುದು ಕಷ್ಟ. ಕಾಫಿ ತೋಟದಲ್ಲಿ ದೊಡ್ಡ ಖರ್ಚೆಂದರೆ ಕೂಲಿ, ಮತ್ತು ಅದಕ್ಕೇ ರಸೀದಿ ಇರುವುದಿಲ್ಲ. ವಾರದ ಬಟವಾಡೆಯ ದಿನ ಹಾಜರಿ ಪುಸ್ತಕದಲ್ಲಿ ಹೆಸರು, ದಿನ, ಮೊತ್ತ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದುಕೊಳ್ಳಿ. ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟರೆ ತೂಕದ ಚೀಟಿಯನ್ನೂ ಇಟ್ಟುಕೊಳ್ಳಿ. ಸಹಕಾರ ಸಂಘದ ಬೆಳೆಸಾಲದ ಬಡ್ಡಿಯೂ ಖರ್ಚೇ ಆಗುತ್ತದೆ, ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ.

ನಷ್ಟದ ವರ್ಷವನ್ನೂ ಬಿಡದೆ ತೋರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಶೆಡ್ಯೂಲ್ ಇಐಯಲ್ಲಿ ಹಿಂದಿನ ಎಂಟು ವರ್ಷಗಳ ಕೃಷಿ ನಷ್ಟವನ್ನು ಈ ವರ್ಷದ ಕೃಷಿ ಆದಾಯದಿಂದ ಕಳೆಯಲು ಅವಕಾಶವಿದೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟೋ ತೋಟಗಳು ಕೊಚ್ಚಿಹೋದವು; ರಿಟರ್ನ್‌ನಲ್ಲಿ ಎಂದೂ ಕಾಣದ ನಷ್ಟವನ್ನು ವರ್ಷಗಳು ಕಳೆದ ಮೇಲೆ ತಂದು ಕಳೆಯಲು ಬರುವುದಿಲ್ಲ. ನೀವು ಈಗಷ್ಟೇ ಆರಂಭಿಸುತ್ತಿದ್ದೀರಿ, ಮೊದಲಿನಿಂದಲೇ ಅಭ್ಯಾಸವಾಗಲಿ. ಸತ್ತ ಗಿಡದ ಜಾಗದಲ್ಲಿ ಮರುನಾಟಿಗೆ ಕಾಫಿ ಮಂಡಳಿಯಿಂದ ಸಹಾಯಧನ ಪಡೆದರೆ, ಅದಕ್ಕೆ 10(31) ವಿಧಿಯಲ್ಲಿ ಪ್ರತ್ಯೇಕ ವಿನಾಯಿತಿಯಿದೆ. ಮಂಡಳಿಯ ಪ್ರಮಾಣಪತ್ರ ಇಟ್ಟುಕೊಂಡಿರಬೇಕು.

ಉತ್ತರ: ತೆರಿಗೆ ಸಲಹೆಗಾರ, ಮಡಿಕೇರಿ

ಕೊನೆಯದಾಗಿ ಸಲ್ಲಿಸುವ ಕ್ರಮದ ಬಗ್ಗೆ. 2025-26ರ ಆದಾಯಕ್ಕೆ ಪೋರ್ಟಲ್‌ನಲ್ಲಿ 2026-27ನೇ ನಿರ್ಧಾರಣಾ ವರ್ಷವನ್ನು ಆರಿಸಬೇಕು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ, ನಿಮ್ಮ ಈ ರಿಟರ್ನ್ 1961ರ ಕಾಯ್ದೆಯ ಪ್ರಕಾರವೇ ಸಲ್ಲುತ್ತದೆ. ನಾವು ಮೇಲೆ ಹೇಳಿದ ವಿಧಿ ಸಂಖ್ಯೆಗಳೂ ಆ ಕಾಯ್ದೆಯವೇ. ಪ್ಯಾನ್‌ಗೆ ಆಧಾರ್ ಜೋಡಣೆಯಾಗಿದೆಯೇ, ಆಧಾರ್‌ನಲ್ಲಿರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ, ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಮೊದಲೇ ದೃಢೀಕೃತವಾಗಿದೆಯೇ ಎಂದು ನೋಡಿಕೊಳ್ಳಿ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ಇ-ವೆರಿಫಿಕೇಷನ್ ಮಾಡದಿದ್ದರೆ ಸಲ್ಲಿಕೆ ಪೂರ್ಣವಾಗುವುದಿಲ್ಲ, ಇದನ್ನು ಹೊಸಬರು ಮರೆತೇಬಿಡುತ್ತಾರೆ.

ಗಡುವು ಜುಲೈ 31. ಅದು ತಪ್ಪಿದರೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದಾದರೂ 5,000 ರೂಪಾಯಿ ತಡ ಶುಲ್ಕವಿದೆ. ಒಟ್ಟು ಆದಾಯ 5 ಲಕ್ಷದ ಒಳಗಿದ್ದರೆ 1,000. ಕಕ್ಕಡದ ಮಳೆಯಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲ. ಒಟಿಪಿ ಬಾರದೆ ಜುಲೈ ಕೊನೆಯ ವಾರದಲ್ಲಿ ಮಡಿಕೇರಿಗೋ ಕುಶಾಲನಗರಕ್ಕೋ ಓಡುವುದಕ್ಕಿಂತ, ಈಗಾಗಲೇ ಕೈಯಲ್ಲಿರುವ ಫಾರ್ಮ್ 16ನ್ನು ಎಐಎಸ್ ಜೊತೆ ಹೋಲಿಸಿ ನೋಡಿ ಬೇಗನೆ ಸಲ್ಲಿಸಿಬಿಡಿ.

ವಿರಾಜಪೇಟೆ ನಿವಾಸಿ

ತಮ್ಮೆಲ್ಲರ ಮಾತಿನಂತೆ ಐಟಿಆರ್-2 ಆರಿಸಿ ಶೆಡ್ಯೂಲ್ ಇಐ ತುಂಬುತ್ತಿದ್ದೇನೆ. ಮಾರಾಟದ ಬಿಲ್ಲುಗಳ ಮೊತ್ತಕ್ಕೂ ಬ್ಯಾಂಕಿಗೆ ಬಂದ ಮೊತ್ತಕ್ಕೂ ವ್ಯತ್ಯಾಸವಿದೆ, ಏಕೆಂದರೆ ಮಾರ್ಚ್‌ನಲ್ಲಿ ಕೊಟ್ಟ ಕೆಲವು ಮೂಟೆಗಳ ಹಣ ಏಪ್ರಿಲ್‌ನಲ್ಲಿ ಜಮೆಯಾಗಿದೆ. ಅದನ್ನು ಯಾವ ವರ್ಷಕ್ಕೆ ಹಿಡಿಯಲಿ?

ಉತ್ತರ: ತೆರಿಗೆ ಸಲಹೆಗಾರ, ಮಡಿಕೇರಿ

ಹಣ ಕೈಸೇರಿದ ದಿನವನ್ನು ಹಿಡಿದು ಲೆಕ್ಕವಿಡುವ ಪದ್ಧತಿಯಾದರೆ ಏಪ್ರಿಲ್‌ನ ಹಣ ಮುಂದಿನ ವರ್ಷಕ್ಕೆ ಹೋಗುತ್ತದೆ. ಮಾರಿದ ದಿನವನ್ನು ಹಿಡಿಯುವ ಪದ್ಧತಿಯಾದರೆ ಈ ವರ್ಷಕ್ಕೇ ಬರುತ್ತದೆ. ಎರಡರಲ್ಲಿ ಒಂದನ್ನು ಈಗ ಆರಿಸಿಕೊಂಡು, ಖರ್ಚಿಗೂ ಅದನ್ನೇ ಅನ್ವಯಿಸಿ, ಮುಂದಿನ ವರ್ಷಗಳಲ್ಲೂ ಬದಲಾಯಿಸದೆ ಅದನ್ನೇ ಮುಂದುವರಿಸಿ. ನೀವು 11 ಲಕ್ಷವನ್ನು ಬ್ಯಾಂಕ್ ಜಮೆಯಿಂದ ಲೆಕ್ಕ ಹಾಕಿರುವುದರಿಂದ ಮೊದಲನೆಯ ಪದ್ಧತಿಯೇ ನಿಮಗೆ ಹೊಂದುತ್ತದೆ. ಏಪ್ರಿಲ್‌ನಲ್ಲಿ ಜಮೆಯಾದ ಮೂಟೆಗಳ ಬಿಲ್ಲನ್ನು ಮುಂದಿನ ವರ್ಷದ ಕಡತಕ್ಕೆ ಸೇರಿಸಿಡಿ.